ಐದು ದಿನ ನೀರು ಕುಡಿದ ಓಡ

ಮೊನ್ನೆ ಸಂಜೆ ಹಂಪನಕಟ್ಟೆಯಲ್ಲಿ ಕಾವೂರಿನ ಬಸ್ಸು ಹತ್ತಿದೆ. ಬಸ್ಸು ಹೊರಡುವ ಹೊತ್ತಿಗೆ ಹಿರಿಯರೊಬ್ಬರು ತಗಡಿನ ಡಬ್ಬವೊಂದನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತರು. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಮೂಗು ಮುಚ್ಚಿಕೊಂಡ.

“ಎಂತ ಮಾರಾಯ್ರೇ ಅದು? ಇಡೀ ಬಸ್ಸು ನಾರ್ತದೆ.”

“ಬೂತಾಯಿ ಮೀನಿನ ಎಣ್ಣೆ. ದೋಣಿಗೆ ಹಚ್ಚಲಿಕ್ಕೆ. ಮುಚ್ಚಳ ಗಟ್ಟಿ ಉಂಟು, ನೀವು ಹೆದರ್ಬೇಡಿ.”

“ಹೆದರಿಕೆ ನನಗಲ್ಲ, ಎದುರು ಸೀಟಿನ ಅಕ್ಕನ ಹೊಸ ಸೀರೆಗೆ.”

ನಾಲ್ಕೈದು ಜನ ನಕ್ಕರು. ನಾನು ಕಿಟಕಿಯ ಕಡೆ ತಿರುಗಿದೆ. ಇಳಿಯಬೇಕಾದ ಸ್ಟಾಪು ದಾಟಿ ಹೋದದ್ದೂ ಗೊತ್ತಾಗಲಿಲ್ಲ. ಮನೆಗೆ ನಡೆದು ಬಂದು ಕಪಾಟಿನ ತಳದಿಂದ ೧೯೭೯ರ ಡೈರಿ ತೆಗೆದೆ. ಎಂಟು ವರ್ಷಗಳಿಂದ ಅದನ್ನು ಮುಟ್ಟಿರಲಿಲ್ಲ.

ಹೈಸ್ಕೂಲಿನಿಂದಲೂ ನನಗೆ ಡೈರಿ ಬರೆಯುವ ಅಭ್ಯಾಸ. ಅದರಲ್ಲಿ ಮನಸ್ಸಿನ ಮಾತು ಕಡಿಮೆ. ಇಂಥ ದಿನ ಮಳೆ ಬಂತು, ಇಂಥ ದಿನ ಬರಲಿಲ್ಲ, ಇವತ್ತು ನದಿಯಲ್ಲಿ ಕಂಡ ಹಳೆ ಮಾದರಿಯ ದೋಣಿಗಳು ಇಷ್ಟು ಎಂಬಂಥವೇ ಹೆಚ್ಚು. ಈ ದೋಣಿ ಎಣಿಸುವ ಚಟದಿಂದಲೇ ನಾನು ಕೂಟಕ್ಕೆ ಸೇರಿದ್ದು. ಆಗ ನನಗೆ ಇಪ್ಪತ್ತೊಂದು ವರ್ಷ, ಬ್ಯಾಂಕಿನಲ್ಲಿ ಹೊಸ ಗುಮಾಸ್ತ.

‘ಹಳೆ ದೋಣಿ ಕೂಟ’ ೧೯೭೭ರ ಕೊನೆಗೆ ಶುರುವಾದಾಗ ಐದೇ ಜನ ಇದ್ದೆವು. ಅಧ್ಯಕ್ಷರು ಜಗನ್ನಾಥ ಶೆಟ್ರು, ಹಂಪನಕಟ್ಟೆಯಲ್ಲಿ ಹೋಟೆಲು ಇದ್ದವರು. ಅವರ ಅಜ್ಜನ ಕಾಲದಲ್ಲಿ ಗೇಣಿಯ ಅಕ್ಕಿಮುಡಿಗಳು ನದಿಯ ಮೇಲೆ ಸ್ವಂತ ದೋಣಿಗಳಲ್ಲಿ ಬರುತ್ತಿದ್ದವಂತೆ. ಉಳುವವನಿಗೇ ಭೂಮಿ ಎಂಬ ಡಿಕ್ಲರೇಶನ್ ಬಂದ ಮೇಲೆ ಗದ್ದೆ ಒಕ್ಕಲುಗಳಿಗೆ ಹೋಯಿತು, ಅದಕ್ಕೂ ಮೊದಲೇ ದೋಣಿಗಳು ಹೋಗಿದ್ದವು. ಶೆಟ್ರು ಗದ್ದೆಯ ವಿಷಯ ಎತ್ತುತ್ತಿರಲಿಲ್ಲ. ದೋಣಿಯ ವಿಷಯ ಬಂದರೆ ಮಾತ್ರ ಅವರ ಮಾತು ನಿಲ್ಲುತ್ತಿರಲಿಲ್ಲ. ನಮ್ಮ ಮನೆಯವರು ಅಂಥದೇ ಇನ್ನೊಂದು ಮನೆತನದ ಒಕ್ಕಲುಗಳು. ಡಿಕ್ಲರೇಶನ್‌ನಲ್ಲಿ ಗದ್ದೆ ನಮ್ಮದಾಗಿತ್ತು. ಆದರೂ ಶೆಟ್ರು ಒಮ್ಮೆ ನಮ್ಮ ಮನೆಗೆ ಬಂದಾಗ ಅಪ್ಪ ಎದ್ದು ನಿಂತವರು ಅವರು ಹೋಗುವ ತನಕ ಕೂರಲಿಲ್ಲ. ನನಗೂ ಅವರ ಮಾತಿಗೆ ಎದುರಾಡಿ ಅಭ್ಯಾಸ ಇರಲಿಲ್ಲ.

ಇನ್ನೊಬ್ಬರು ಲೋಬೊ ಮಾಸ್ಟ್ರು, ನಿವೃತ್ತ ಡ್ರಾಯಿಂಗ್ ಟೀಚರು. ಕಂಡ ದೋಣಿಯನ್ನೆಲ್ಲ ಅಳತೆ ಹಿಡಿದು ಚಿತ್ರ ಬರೆಯುವುದು ಅವರ ಕೆಲಸ. ನಾನು ಕಾರ್ಯದರ್ಶಿ, ಅಂದರೆ ರಿಜಿಸ್ಟರು ಬರೆಯುವವ. ತಿಂಗಳ ಮೊದಲ ಭಾನುವಾರ ಶೆಟ್ರ ಹೋಟೆಲಿನ ಮಾಳಿಗೆಯಲ್ಲಿ ಸಭೆ. ಗೋಳಿಬಜೆ, ಚಾ, ಮತ್ತೆ ದೋಣಿಯ ಮಾತು. ಐದು ಇದ್ದವರು ಒಂದು ವರ್ಷದಲ್ಲಿ ಹನ್ನೊಂದಾದೆವು. ಎಪ್ಪತ್ತೊಂಬತ್ತರ ಮಳೆಗಾಲದ ಹೊತ್ತಿಗೆ ಇಪ್ಪತ್ತಾರು. ನದಿಯಲ್ಲಿ ನಾನು ಎಣಿಸುವ ದೋಣಿಗಳು ಇನ್ನೊಂದು ಕಡೆಯಿಂದ ಕಡಿಮೆಯಾಗುತ್ತಿದ್ದವು. ಇಂಜಿನ್ ಬೋಟುಗಳ ಸದ್ದು ಬೋಳೂರಿನ ತನಕ ಬರುತ್ತಿತ್ತು.

ಆ ಓಡ ಸಿಕ್ಕಿದ್ದು ಮುಚ್ಚಿದ ಒಂದು ಹಂಚಿನ ಕಾರ್ಖಾನೆಯ ಹಿಂದೆ. ತುಳುವಿನಲ್ಲಿ ದೋಣಿಗೆ ಓಡ ಎನ್ನುತ್ತಾರೆ. ಅದನ್ನು ಹೊಲಿದ ಮೇಸ್ತ್ರಿ ಹಾಗೆಯೇ ಹೇಳುತ್ತಿದ್ದುದರಿಂದ ನನ್ನ ಡೈರಿಯಲ್ಲೂ ಅದು ಓಡವೇ. ಮಣ್ಣು ಹೊರುತ್ತಿದ್ದ, ಮೂವತ್ತನಾಲ್ಕು ಅಡಿಯ ಹೊಲಿದ ಓಡ. ಒಂದೇ ಒಂದು ಮೊಳೆ ಇಲ್ಲ. ಹಲಗೆಗೆ ಹಲಗೆ ಸೇರಿಸಿ, ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಟ್ಟೆ ಹೊಲಿದ ಹಾಗೆ ಹೊಲಿದದ್ದು. ಅದನ್ನು ನಲವತ್ತು ವರ್ಷ ಹಿಂದೆ ತಂದೆಯ ಜೊತೆ ಹೊಲಿದವರು ನದಿಯ ಆಚೆ ದಡದ ಬೆಂಗ್ರೆಯಲ್ಲಿ ಇದ್ದಾರೆ ಎಂದು ಲೋಬೊ ಮಾಸ್ಟ್ರು ಪತ್ತೆ ಹಚ್ಚಿದರು. ಅವರೇ ಐತಪ್ಪ ಮೇಸ್ತ್ರಿ. ಪ್ರಾಯ ಎಪ್ಪತ್ತರ ಹತ್ತಿರ, ಮಗಳು ಸುಶೀಲಕ್ಕನ ಜೊತೆ ಇದ್ದರು. ಬೆಂಗ್ರೆಯಲ್ಲಿ ಎಲ್ಲರೂ ಮೊಳೆ ಹೊಡೆದ ಬೋಟಿಗೆ ಹೋದ ಮೇಲೆ ಅವರಿಗೆ ಕೆಲಸ ಇರಲಿಲ್ಲ.

ಏಪ್ರಿಲಿನಿಂದ ಅಕ್ಟೋಬರಿನವರೆಗೆ ಬೋಳೂರಿನ ನದೀತೀರದಲ್ಲಿ ತೆಂಗಿನ ಮಡಲಿನ ಚಪ್ಪರ ಹಾಕಿ, ಅದರ ಅಡಿಯಲ್ಲಿ ಮೇಸ್ತ್ರಿ ಓಡವನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದರು. ಹೊರಗೆ ಮಳೆ, ಒಳಗೆ ಬೂತಾಯಿ ಎಣ್ಣೆಯ ವಾಸನೆ. ನಾನು ಬ್ಯಾಂಕು ಮುಗಿಸಿ ಬಂದು ಅವತ್ತು ಬಿದ್ದ ಹೊಲಿಗೆಗಳನ್ನು ಎಣಿಸುತ್ತಿದ್ದೆ.

“ಎಷ್ಟಾಯಿತು ಸೆಕ್ರೆಟ್ರಿಗಳೇ?”

“ಇವತ್ತಿಗೆ ಮುನ್ನೂರ ಹನ್ನೆರಡು.”

“ಹಾಗಾದರೆ ಒಂದು ನೀವು ನಿದ್ದೆಯಲ್ಲಿ ಎಣಿಸಿದ್ದೀರಿ. ನಾನು ಹಾಕಿದ್ದು ಮುನ್ನೂರ ಹನ್ನೊಂದು.”

ಮತ್ತೆ ಎಣಿಸಿದರೆ ಅವರು ಹೇಳಿದ್ದೇ ಸರಿ.

ಅಕ್ಟೋಬರಿನಲ್ಲಿ ಹೊಲಿಗೆ ಮುಗಿಯಿತು. ಶೆಟ್ರು ಹೊರಮೈಗೆ ವಾರ್ನಿಶ್ ಹೊಡೆಸಿದರು. ಮರ ಜೇನಿನ ಬಣ್ಣಕ್ಕೆ ಬಂತು. ಮೇಸ್ತ್ರಿ ಸುತ್ತು ಬಂದು ನೋಡಿ, “ಇದು ಓಡವಾ ಶೆಟ್ರೇ, ಇಲ್ಲ ಮಗಳ ಮದುವೆಗೆ ಕೊಡುವ ಕಪಾಟಾ?” ಎಂದರು. ಶೆಟ್ರು ಜೋರಾಗಿ ನಕ್ಕರು. ಆಮೇಲೆ ಮೇಸ್ತ್ರಿ ಮುಖ್ಯ ವಿಷಯ ಹೇಳಿದರು. ಆರು ತಿಂಗಳು ನೆರಳಿನಲ್ಲಿ ಒಣಗಿದ ಮರ, ಒಣಗಿದ ಹುರಿ. ಹಾಗೇ ನೀರಿಗಿಳಿಸಿದರೆ ಹಲಗೆಯ ಸಂದು ಬಿಟ್ಟುಕೊಳ್ಳುತ್ತದೆ. ಓಡಕ್ಕೆ ಕಲ್ಲು ತುಂಬಿ ನದಿಯಲ್ಲಿ ಮುಳುಗಿಸಬೇಕು. ಹುಣ್ಣಿಮೆಯಿಂದ ಅಮಾವಾಸ್ಯೆಯ ತನಕ, ಹದಿನೈದು ದಿನ. ಮರ ಹೊಟ್ಟೆ ತುಂಬ ನೀರು ಕುಡಿದು ಉಬ್ಬಬೇಕು, ಹುರಿ ಬಿಗಿಯಬೇಕು. ಒಂದು ದಿನ ಕೂಡ ಕಡಿಮೆ ಆಗಬಾರದು.

ನವೆಂಬರ್ ನಾಲ್ಕು, ಹುಣ್ಣಿಮೆ, ಭಾನುವಾರ. ಮೇಸ್ತ್ರಿ ಎದುರಿಗೆ ನಿಂತು ಓಡವನ್ನು ಮುಳುಗಿಸಿದರು. ಮರುದಿನ ಅವರು ಕಣ್ಣಿನ ಪೊರೆಯ ಆಪರೇಶನ್ನಿಗೆ ಊರಿನ ಆಸ್ಪತ್ರೆಗೆ ಸೇರಿದರು. ಇಪ್ಪತ್ತೈದರ ಭಾನುವಾರ ಓಡದ ಮೊದಲ ಪ್ರಯಾಣ. ಅಷ್ಟರಲ್ಲಿ ಕಣ್ಣು ತೆರೆದು ಚುಕ್ಕಾಣಿ ಹಿಡಿಯುತ್ತೇನೆ ಎಂದು ಅವರ ಲೆಕ್ಕ.

ಒಂಬತ್ತನೇ ತಾರೀಕು, ಶುಕ್ರವಾರ, ಶೆಟ್ರು ಬ್ಯಾಂಕಿಗೇ ಬಂದು ನನ್ನನ್ನು ಕಾರಿನಲ್ಲಿ ಬೋಳೂರಿಗೆ ಕರೆದುಕೊಂಡು ಹೋದರು. ಇಳಿತದ ನೀರಿನಲ್ಲಿ ಓಡದ ಮೂತಿ ಮಾತ್ರ ಮೇಲೆ ಕಾಣುತ್ತಿತ್ತು. ಮೈಗೆ ಕೆಸರು ಮೆತ್ತಿ, ವಾರ್ನಿಶ್ ಸಿಪ್ಪೆಯಂತೆ ಏಳುತ್ತಿತ್ತು. ದೋಣಿ ದಾಟುವ ಕಡವಿನ ಹತ್ತಿರ ನಿಂತವರು, “ಎಂತ, ಸುರುವಿಗೇ ಮುಳುಗಿತಾ?” ಎಂದು ನಗುತ್ತಿದ್ದರು.

“ಹೆಣದ ಹಾಗೆ ಕಾಣ್ತದೆ ಮಾರಾಯ,” ಎಂದರು ಶೆಟ್ರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. “ನನ್ನ ಕೈಯಲ್ಲಿ ನೋಡ್ಲಿಕ್ಕೆ ಆಗುದಿಲ್ಲ. ತೆಗೆಸುವ.”

“ಇನ್ನೂ ಐದೇ ದಿನ ಆದದ್ದು. ಮೇಸ್ತ್ರಿ ಹದಿನೈದು ಹೇಳಿದ್ದಾರೆ.”

“ಚಪ್ಪರದಲ್ಲಿ ಇಟ್ಟು ನೀರಲ್ಲಿ ಚಂಡಿ ಮಾಡಿದ ಗೋಣಿ ಹೊದಿಸುವ. ದಿನಾ ನೀರು ಹಾಕಿದರೆ ಆಯಿತಲ್ಲ? ಮರಕ್ಕೆ ಎಂತ ಗೊತ್ತಾಗ್ತದೆ, ನದಿಯ ನೀರಾ ಬಾವಿಯ ನೀರಾ ಅಂತ?”

ಲೋಬೊ ಮಾಸ್ಟ್ರೂ ಅಲ್ಲಿದ್ದರು. ಅವರು ಓಡಕ್ಕೆ ಬೆನ್ನು ಹಾಕಿ ನಿಂತಿದ್ದರು. ಚೆಂದದ ಓಡವನ್ನು ಹಾಗೆ ಕೆಸರಿನಲ್ಲಿ ನೋಡುವುದು ಅವರಿಗೂ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗುತ್ತಿರಲಿಲ್ಲ. ದೋಣಿಯಿಂದ ಬದುಕಿದವರಾಗಿದ್ದರೆ ಮುಳುಗಿದ್ದನ್ನು ನೋಡಿ ಸುಮ್ಮನಿರುತ್ತಿದ್ದೆವು. ನಾವು ಅದನ್ನು ಪ್ರೀತಿಸುವವರು. ಸಂಜೆಗೆ ಬಂದರಿನ ಹತ್ತು ಜನ ಬಂದು ಓಡವನ್ನು ಎತ್ತಿದರು.

“ಮೇಸ್ತ್ರಿಗೆ ಈಗ ಹೇಳುದು ಬೇಡ,” ಎಂದರು ಶೆಟ್ರು. “ಕಣ್ಣು ಕಟ್ಟಿಕೊಂಡೇ ಎದ್ದು ಬಂದಾರು ಅವರು. ಇದು ಚೆಂದ ಆದರೆ ಎರಡನೇ ಓಡವೂ ಅವರೇ ಕಟ್ಟುದು. ನಾನು ಮಾತು ಕೊಡ್ತೇನೆ.”

ಆ ಎರಡನೇ ಓಡದ ಮಾತನ್ನು ಹಿಡಿದುಕೊಂಡು ನಾನು ದಿನಾ ಸಂಜೆ ಆಸ್ಪತ್ರೆಗೆ ಹೋದೆ. ಮೇಸ್ತ್ರಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಂಗಾತ ಮಲಗಿರುತ್ತಿದ್ದರು.

“ಕಣ್ಣು ಹೊಲಿದ ಡಾಕ್ಟ್ರು ಸಣ್ಣ ಪ್ರಾಯದವರು ಸೆಕ್ರೆಟ್ರಿಗಳೇ. ಹುರಿ ಯಾವುದು ಹಾಕಿದ್ದೀರಿ ಅಂತ ಕೇಳಿದೆ. ನಕ್ಕು ಹೋದರು. ಅದಿರಲಿ, ಇವತ್ತಿಗೆ ಎಷ್ಟು ದಿನ?”

“ಏಳು,” ಎಂದೆ.

ಮರುದಿನ ಎಂಟು ಎಂದೆ. ಹೀಗೆ ಹದಿನೈದರ ತನಕ ಹೋದೆ. ಹದಿನೈದು ಎಂದ ದಿನ ಅವರು ಮಂಚದ ಮೇಲೆಯೇ ಕೈ ಮುಗಿದರು. ಕೂಟದ ರಿಜಿಸ್ಟರಿನಲ್ಲೂ ‘ಹದಿನೈದು ದಿನ ನೀರಿನಲ್ಲಿ ಇಡಲಾಯಿತು’ ಎಂದು ಬರೆದು ಸಹಿ ಹಾಕಿದೆ. ಡೈರಿಯಲ್ಲಿ ಮಾತ್ರ ಐದು ಎಂದೇ ಉಂಟು. ನಾನು ಬರೆದ ಅಂಕಿಗಳಲ್ಲಿ ತಿಳಿದೂ ತಿಳಿದು ಸುಳ್ಳು ಬರೆದದ್ದು ಆ ರಿಜಿಸ್ಟರಿನದೊಂದೇ.

ಇಪ್ಪತ್ತೈದರ ಬೆಳಿಗ್ಗೆ ಒಳ್ಳೆ ಬಿಸಿಲು. ಓಡ ಹೊಸ ವಾರ್ನಿಶ್‌ನಲ್ಲಿ ಹೊಳೆಯುತ್ತಿತ್ತು. ತೀರದಲ್ಲಿ ಜನವೋ ಜನ. ಬೋಳೂರಿನಿಂದ, ನದಿ ಸಮುದ್ರ ಸೇರುವ ಅಳಿವೆಯ ಹತ್ತಿರದವರೆಗೆ ಹೋಗಿ ಬರುವುದೆಂದು ನಿಶ್ಚಯ. ಹುಟ್ಟು ಹಾಕಲು ಕೂಟದ ಎಂಟು ಜನ. ಅತಿಥಿಗಳು, ಹೆಂಗಸರು, ನಾಲ್ಕು ಮಕ್ಕಳು ಸೇರಿ ಒಟ್ಟು ಇಪ್ಪತ್ತಮೂರು ಎಂದು ಹತ್ತಿಸುವಾಗ ಎಣಿಸಿದೆ. ಫೋಟೋದವರು ಬೇರೆ ಇಂಜಿನ್ ಬೋಟಿನಲ್ಲಿ. ಕೊನೆಗೆ ಕಪ್ಪು ಕನ್ನಡಕ ಹಾಕಿದ ಮೇಸ್ತ್ರಿಯನ್ನು ಸುಶೀಲಕ್ಕ ಕೈ ಹಿಡಿದು ತಂದು, ತಾವೂ ಜೊತೆಗೆ ಹತ್ತಿದರು. ಮೇಸ್ತ್ರಿಗೆ ಇನ್ನೂ ಎಲ್ಲ ಮಸುಕು.

ಓಡಕ್ಕೆ ಹತ್ತಿದ ಮೇಸ್ತ್ರಿ ಚುಕ್ಕಾಣಿಯ ಕಡೆ ಹೋಗಲಿಲ್ಲ. ಬಗ್ಗಿ, ಒಳಗಿನ ಹೊಲಿಗೆಯ ಉದ್ದಕ್ಕೂ ಅಂಗೈ ಒತ್ತುತ್ತ ಹೋದರು. ಹುರಿಯನ್ನು ಮೂಸಿದರು. ಹಾಗೇ ಬಗ್ಗಿಕೊಂಡು ನನ್ನನ್ನು ಕರೆದರು.

“ಸೆಕ್ರೆಟ್ರಿಗಳೇ, ಹದಿನೈದು ದಿನ ಅಲ್ವಾ?”

ಶೆಟ್ರು ಮೂರು ಅಡಿ ದೂರದಲ್ಲಿ ನಿಂತಿದ್ದರು. ಮಕ್ಕಳು ಬಲೂನು ಹಿಡಿದು ಕೂತಿದ್ದರು.

“ಹದಿನೈದು,” ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ನನ್ನ ಕಡೆ ಮುಖ ಮಾಡಿಕೊಂಡೇ ಇದ್ದರು. ಆಮೇಲೆ ಹೋಗಿ ಚುಕ್ಕಾಣಿ ಹಿಡಿದು ಕೂತರು.

ಓಡ ಹೊರಟಿತು. ನದಿಯ ನಡುವಿಗೆ ಹೋಗುವ ಬದಲು ಮೇಸ್ತ್ರಿ ನೇರ ಆಚೆ ದಡಕ್ಕೆ ದಾಟಿಸಿ, ಬೆಂಗ್ರೆ ಬದಿಯ ಮರಳಿನ ಅಂಚು ಹಿಡಿದೇ ನಡೆಸಿದರು.

“ಮೇಸ್ತ್ರಿ, ನಡುವಿಗೆ ಬಿಡಿ! ಫೋಟೋದವರಿಗೆ ಕಾಣುದಿಲ್ಲ!” ಎಂದು ಶೆಟ್ರು ಕೂಗಿದರು.

“ಗಾಳಿ ಉಂಟು ಶೆಟ್ರೇ.”

“ಗಾಳಿ ಎಲ್ಲಿ ಉಂಟು? ಎಲೆ ಅಲ್ಲಾಡುದಿಲ್ಲ!”

“ಕಣ್ಣು ಕಾಣುದಿಲ್ಲ ಅವರಿಗೆ,” ಎಂದು ಯಾರೋ ಮೆಲ್ಲಗೆ ಹೇಳಿದರು. ಇನ್ನೊಬ್ಬರು ನಕ್ಕರು.

ಮೊದಲು ಒಂದು ಮಗು ಚಪ್ಪಲಿ ಒದ್ದೆಯಾಯಿತು ಎಂದು ಅತ್ತಿತು. ನೋಡುವಷ್ಟರಲ್ಲಿ ಪಾದ ಮುಳುಗಿತು. ಎಡಬದಿಯ ಮೂರನೇ ಹಲಗೆ ಹೊಲಿಗೆಯ ಉದ್ದಕ್ಕೂ ಬಾಯಿ ಬಿಟ್ಟುಕೊಂಡಿತ್ತು. ಹೆಂಗಸರು ಎದ್ದು ನಿಂತರು. “ಕೂರಿ! ಎಲ್ಲ ಕೂರಿ!” ಎಂದು ಮೇಸ್ತ್ರಿ ಒಮ್ಮೆ ಗದರಿದರು. ಅವರ ಅಷ್ಟು ದೊಡ್ಡ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಚುಕ್ಕಾಣಿ ತಿರುಗಿಸಿ ಓಡವನ್ನು ಮರಳಿನ ದಿಬ್ಬಕ್ಕೆ ಹತ್ತಿಸಿದರು. ಸೊಂಟದಷ್ಟು ನೀರಿನಲ್ಲಿ ಎಲ್ಲರೂ ಇಳಿದು ದಡ ಸೇರಿದೆವು. ಮಕ್ಕಳನ್ನು ಹೆಗಲ ಮೇಲೆ ದಾಟಿಸಿದೆವು. ದಡದಲ್ಲಿ ನಿಂತು ಮೂರು ಸಲ ಎಣಿಸಿದೆ. ಮೇಸ್ತ್ರಿ, ಸುಶೀಲಕ್ಕ ಸೇರಿ ಇಪ್ಪತ್ತೈದು. ಎಲ್ಲರೂ ಇದ್ದರು.

ಓಡ ಮಾತ್ರ ಉಳಿಯಲಿಲ್ಲ. ಇಳಿತದ ಸೆಳೆತ ಅದನ್ನು ದಿಬ್ಬದಿಂದ ಮೆಲ್ಲನೆ ಬಿಡಿಸಿತು. ನೀರು ತುಂಬಿದ ಓಡ ಅಂಚು ಮಾತ್ರ ಕಾಣುವ ಹಾಗೆ ತೇಲುತ್ತ ಅಳಿವೆಯ ಕಡೆ ಹೋಯಿತು. ಇಂಜಿನ್ ಬೋಟಿನವರು ಹಗ್ಗ ಕಟ್ಟಿ ಎಳೆದಾಗ ಮೂತಿಯ ಹಲಗೆ ಕಳಚಿ ಕೈಗೆ ಬಂತು. ಮೇಸ್ತ್ರಿ ಮರಳಿನ ಮೇಲೆ ಕೂತು, “ಎಲ್ಲಿಯವರೆಗೆ ಹೋಯಿತು?” ಎಂದು ಮಗಳನ್ನು ಕೇಳುತ್ತಿದ್ದರು. ಸುಶೀಲಕ್ಕ ಹೇಳುತ್ತಿದ್ದರು. ಕೊನೆಗೆ, “ಇನ್ನು ಕಾಣುದಿಲ್ಲ ಅಪ್ಪಾ,” ಎಂದರು.

ಮುದುಕನ ಕಣ್ಣು ಮಂಜು, ಹೊಲಿಗೆ ಸಡಿಲು ಎಂದು ಊರಿನಲ್ಲಿ ಮಾತಾಯಿತು. ಡಿಸೆಂಬರ್ ಎರಡರ ಸಭೆಗೆ ಮೂವತ್ತೊಂದು ಜನ ಬಂದಿದ್ದರು, ಅದುವರೆಗಿನ ಅತಿ ಹೆಚ್ಚು ಹಾಜರಿ. ಸಭೆಗೆ ಮೊದಲು ಶೆಟ್ರು ನನ್ನನ್ನು ಅಡುಗೆಮನೆಯ ಪಕ್ಕಕ್ಕೆ ಕರೆದರು.

“ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಈಗ ಕೂಟ ಉಳಿಯಬೇಕು ದಿನೇಶ. ರಿಜಿಸ್ಟರಿನಲ್ಲಿ ಇದ್ದದ್ದನ್ನು ಓದು, ಸಾಕು.”

ಓದಿದೆ. ಹದಿನೈದು ದಿನ ನೀರಿನಲ್ಲಿ ಇಡಲಾಯಿತು. ಹಾಗಾದರೆ ತಪ್ಪು ಹೊಲಿದವರದ್ದೇ ಎಂದು ಒಬ್ಬರು ಎದ್ದು ಹೇಳಿದರು. ಲೋಬೊ ಮಾಸ್ಟ್ರು ತಲೆ ಎತ್ತದೆ ಪೆನ್ಸಿಲು ಕೆತ್ತುತ್ತಿದ್ದರು. ಶೆಟ್ರು ಮಾತಾಡಲಿ ಎಂದು ನಾನು ಕಾದೆ. ಅವರು ನನ್ನನ್ನು ಕಾದರೋ ಏನೋ. ಎರಡನೇ ದೋಣಿಯನ್ನು ಹೊರಗಿನ ಯಾರ್ಡಿನಲ್ಲಿ ಫೈಬರಿನಿಂದ, ಹಳೆ ದೋಣಿಯ ಆಕಾರದಲ್ಲಿ ಮಾಡಿಸುವುದೆಂದು ತೀರ್ಮಾನವಾಯಿತು.

ಆಶ್ಚರ್ಯವೆಂದರೆ ಅವಘಡದ ಸುದ್ದಿಯಿಂದ ಕೂಟ ಬೆಳೆಯಿತು. ಕೇಳಿದವರೆಲ್ಲ ನೋಡಲು ಬಂದರು, ಬಂದವರು ಸೇರಿದರು. ಜನವರಿಗೆ ನಲವತ್ತು, ಮಾರ್ಚಿಗೆ ಅರವತ್ತೆರಡು. ದೇರೆಬೈಲಿನಿಂದ, ಕಾವೂರಿನಿಂದ, ರಜೆಯಲ್ಲಿ ಬಂದ ಗಲ್ಫಿನವರು ಕೂಡ. ಸದಸ್ಯರ ಹೆಸರು ಬರೆಯಲು ಹೊಸ ರಿಜಿಸ್ಟರು ಬೇಕಾಯಿತು. ಹಳೆಯದನ್ನು ನಾನು ಮನೆಗೆ ತಂದಿಟ್ಟುಕೊಂಡೆ.

ಫೈಬರ್ ದೋಣಿ ನೀರಿಗಿಳಿದದ್ದು ಎಂಬತ್ತರ ಏಪ್ರಿಲ್ ಇಪ್ಪತ್ತರಂದು. ಅವತ್ತು ನಾನು ಬೋಳೂರಿಗೆ ಹೋಗಲಿಲ್ಲ. ಹಳೆ ರಿಜಿಸ್ಟರು, ಡೈರಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದರಿನಿಂದ ಕಡವಿನ ದೋಣಿಯಲ್ಲಿ ಬೆಂಗ್ರೆಗೆ ದಾಟಿದೆ. ಮೇಸ್ತ್ರಿ ಅಂಗಳದಲ್ಲಿ ಕೂತಿದ್ದರು. ತುಂಬ ಸೊರಗಿದ್ದರು. ಆಚೆ ದಡದ ಮೈಕಿನ ಸದ್ದು ಗಾಳಿ ಬಂದಾಗ ಕೇಳುತ್ತಿತ್ತು.

ನಿಂತುಕೊಂಡೇ ಹೇಳಿದೆ. “ಹದಿನೈದು ಅಲ್ಲ ಮೇಸ್ತ್ರಿ. ಐದು.”

“ಗೊತ್ತುಂಟು,” ಎಂದರು. “ಮೇಲೆ ಹಸಿ, ಒಳಗೆ ಒಣ. ಹದಿನೈದು ದಿನ ಮುಳುಗಿದ ಹುರಿಗೆ ಬೇರೆಯೇ ವಾಸನೆ. ಕೈ ಇಟ್ಟ ಕೂಡಲೇ ಗೊತ್ತಾಯಿತು.”

“ಮತ್ತೆ ಯಾಕೆ ಹೊರಟಿರಿ?”

“ಮಕ್ಕಳು ಹತ್ತಿ ಆಗಿತ್ತಲ್ಲ. ನಾನು ಬರುದಿಲ್ಲ ಅಂದರೆ ಶೆಟ್ರು ನಿಲ್ಲಿಸ್ತಿದ್ದರಾ? ಅಷ್ಟು ಜನರ ಎದುರು? ತಾನೇ ಚುಕ್ಕಾಣಿ ಹಿಡಿದು ನಡುವಿಗೆ ಬಿಡ್ತಿದ್ದರು. ಅಲ್ಲಿ ಆಳ.” ನನ್ನ ಕಡೆ ತಿರುಗಿ ಕೇಳಿದರು: “ನಾನು ನಿಮ್ಮನ್ನು ಕೇಳಿದೆ, ನೆನಪುಂಟಾ? ಲೆಕ್ಕ ಗೊತ್ತಾಗದೆ ಕೇಳಿದ್ದಲ್ಲ. ನೀವು ಹೇಳ್ತೀರಿ ಅಂತ ಕೇಳಿದ್ದು. ಲೆಕ್ಕದ ಜನ ಹೇಳಿದರೆ ಎಲ್ಲರೂ ಇಳೀತಿದ್ದರು.”

ನಾನು ರಿಜಿಸ್ಟರು ತೆಗೆದು ಆ ಪುಟದ ಹದಿನೈದನ್ನು ಹೊಡೆದು ಐದು ಎಂದು ಬರೆದೆ. ಯಾರು, ಯಾವಾಗ, ಯಾಕೆ ಎತ್ತಿಸಿದ್ದೆಂದು ಕೆಳಗೆ ಬರೆದು, ಹೊಲಿಗೆಯಲ್ಲಿ ದೋಷ ಇರಲಿಲ್ಲ ಎಂದು ಸೇರಿಸಿ ಸಹಿ ಹಾಕಿದೆ. ಸುಶೀಲಕ್ಕ ಒಳಗಿನಿಂದ ಬಂದು ಅದನ್ನು ಜೋರಾಗಿ ಓದಿದರು. ಓದಿ ಮುಗಿಸಿ ನನ್ನ ಮುಖವನ್ನೇ ನೋಡಿದರು.

“ಅಲ್ಲಿ ಸುಳ್ಳು ಓದುವಾಗ ಮೂವತ್ತು ಜನ ಇದ್ದರಂತೆ. ನಿಜ ಕೇಳ್ಲಿಕ್ಕೆ ನಾವು ಇಬ್ಬರೇನಾ?”

“ಸಭೆಯಲ್ಲಿ ಓದುತ್ತೇನೆ ಅಕ್ಕ.”

“ಇರಲಿ ಮಗಳೇ,” ಎಂದರು ಮೇಸ್ತ್ರಿ. “ಹೊಲಿಗೆಯದ್ದು ಇನ್ನೊಮ್ಮೆ ಓದು.”

ಅವರು ಇನ್ನೊಮ್ಮೆ ಓದಿದರು.

ಮುಂದಿನ ಸಭೆ ಮೇಯಲ್ಲಿ ಆಗಬೇಕಿದ್ದದ್ದು ಜುಲೈಗೆ ಹೋಯಿತು. ಜೂನ್ ಕೊನೆಯ ವಾರ ಮೇಸ್ತ್ರಿ ತೀರಿಕೊಂಡರು. ಎರಡು ದಿನ ಕಡವು ನಿಂತಷ್ಟು ಮಳೆ. ನನಗೆ ಸುದ್ದಿ ತಲುಪುವಾಗ ಎಲ್ಲ ಮುಗಿದಿತ್ತು.

ಜುಲೈಯ ಸಭೆ ಹೋಟೆಲಿನ ಮಾಳಿಗೆಯಲ್ಲಿ ಹಿಡಿಸದೆ ಕೆಳಗಿನ ಹಾಲಿನಲ್ಲಿ ಆಯಿತು. ಹಾಜರಿ ಎಪ್ಪತ್ತನಾಲ್ಕು. ಹೆಚ್ಚಿನವರು ಹೊಸಬರು, ಹಳಬರಲ್ಲಿ ಹಲವರು ಬರುವುದು ಬಿಟ್ಟಿದ್ದರು. ನನ್ನ ಸರದಿ ಬಂದಾಗ ಹಳೆ ರಿಜಿಸ್ಟರಿನ ಪುಟವನ್ನು ಪೂರ್ತಿ ಓದಿ, ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಎಂದೆ. ಸಿಟ್ಟು ಬರಬಹುದು, ಜಗಳ ಆಗಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಎದುರಿನ ಸಾಲಿನ ಹೊಸ ಸದಸ್ಯನೊಬ್ಬ ಪಕ್ಕದವನ ಕಡೆ ಬಗ್ಗಿ, “ಯಾರು ಮಾರಾಯ ಈ ಐತಪ್ಪ?” ಎಂದು ಕೇಳಿದ. ಪಕ್ಕದವನಿಗೂ ಗೊತ್ತಿರಲಿಲ್ಲ.

ಐತಪ್ಪ ಮೇಸ್ತ್ರಿಯನ್ನು ಒಮ್ಮೆಯಾದರೂ ಕಂಡವರು ಕೈ ಎತ್ತಿ ಎಂದು ಕೇಳಿದೆ. ಲೋಬೊ ಮಾಸ್ಟ್ರ ಕೈ ಎದ್ದಿತು. ಹಿಂದಿನ ಸಾಲಿನಲ್ಲಿ ನಾಲ್ಕು, ಬಾಗಿಲ ಹತ್ತಿರ ಮೂರು. ಎಂಟು ಎಂದು ಬರೆದುಕೊಳ್ಳುತ್ತಿದ್ದಾಗ ವೇದಿಕೆಯ ಮೇಲೆ ಕೂತಿದ್ದ ಶೆಟ್ರು ತಲೆ ತಗ್ಗಿಸಿಕೊಂಡೇ ಕೈ ಎತ್ತಿದರು. ಎಂಟನ್ನು ಒಂಬತ್ತು ಮಾಡಿದೆ. ಉಳಿದವರ ಕೈಗಳು ಇಳಿದವು, ಚಾ ಬಂತು, ಜನ ಎದ್ದರು. ಶೆಟ್ರ ಕೈ ಮಾತ್ರ ಇಳಿದಿರಲಿಲ್ಲ.